ಮಗನ ಅಂಗಿಯ ನೀಲಿ ಕಲೆ

ಬಟ್ಟೆ ಒಗೆಯುವ ತಾಯಿಯಿಂದ ಮಕ್ಕಳು ಮುಚ್ಚಿಡಬಹುದಾದ ಗುಟ್ಟುಗಳು ಕಡಿಮೆ. ಜೇಬಿನಲ್ಲಿ ಉಳಿದ ಬಸ್ ಟಿಕೆಟು, ಕಾಲರಿನ ಕೊಳೆ, ಮೊಣಕೈಯ ಹರುಕು ಎಲ್ಲವೂ ಏನಾದರೊಂದು ಸುದ್ದಿ ಹೇಳುತ್ತವೆ. ಕಳೆದ ಮಳೆಗಾಲದಲ್ಲಿ, ಪಿಯುಸಿ ಓದುತ್ತಿರುವ ನನ್ನ ಮಗನ ಬಿಳಿ ಅಂಗಿಯ ತೋಳಿನಲ್ಲಿ ನೀಲಿ ಕಲೆಯೊಂದು ಕಂಡಿತು. ಸೋಪು ಹಚ್ಚಿ ಉಜ್ಜಿದೆ. ಮಾಸಿತೇ ಹೊರತು ಹೋಗಲಿಲ್ಲ.

"ಇದೇನು?" ಎಂದು ಕೇಳಿದೆ.

"ಚಾಕ್, ಉಮ್ಮಾ" ಎಂದ.

ಇಪ್ಪತ್ತು ವರ್ಷಗಳಿಂದ ಚಾಕ್ ಹಿಡಿದು ಬದುಕುತ್ತಿರುವವಳು ನಾನು. ಬೆಳಿಗ್ಗೆ ಮದ್ರಸದ ಹಲಗೆಯ ಮೇಲೆ ಅಲಿಫ್, ಬಾ. ಹತ್ತು ಗಂಟೆಯ ಬಳಿಕ ಶಾಲೆಯ ಹಲಗೆಯ ಮೇಲೆ ಸಮಾಜ ವಿಜ್ಞಾನ. ಚಾಕಿನ ಪುಡಿ ಕೊಡವಿದರೆ ಉದುರುತ್ತದೆ, ನೀರು ತಾಗಿದರೆ ಬಿಡುತ್ತದೆ. ಇದು ಅಂತಹ ಚಾಕ್ ಆಗಿರಲಿಲ್ಲ. ಆದರೂ ಮಗನ ಮಾತನ್ನು ನಂಬಿ ಸುಮ್ಮನಾದೆ.

ಒಂದು ವಾರದ ಬಳಿಕ ಮದುವೆಯ ಮನೆಯೊಂದರಲ್ಲಿ ಸಂಬಂಧಿಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮಗನನ್ನು ಬಸ್‌ಸ್ಟ್ಯಾಂಡಿನ ಹಿಂದಿನ ಸ್ನೂಕರ್ ಪಾರ್ಲರಿನಲ್ಲಿ ಕಂಡವರಿದ್ದಾರೆ. ಟೀಚರಮ್ಮನ ಮಗನೇ ಹೀಗಾದರೆ ಊರಿನ ಮಕ್ಕಳ ಗತಿಯೇನು?" ಎಂದರು. ಅವರ ದನಿಯಲ್ಲಿ ಕಾಳಜಿ ಎಷ್ಟಿತ್ತೋ ಸಂತೋಷವೂ ಅಷ್ಟೇ ಇದ್ದಂತೆ ನನಗೆ ತೋರಿತು. ಬಿರಿಯಾನಿಯ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಆ ಪಾರ್ಲರಿನ ಮೆಟ್ಟಿಲ ಕೆಳಗೆ ನಾನು ನೂರಾರು ಸಲ ನಡೆದು ಹೋಗಿದ್ದೇನೆ. ಒಳಗೆ ಏನಿದೆಯೆಂದು ಒಮ್ಮೆಯೂ ನೋಡಿದವಳಲ್ಲ. ಆದರೂ ಅಲ್ಲಿ ಏನಿದೆಯೆಂದು ನನಗೆ ಖಚಿತವಾಗಿ ಗೊತ್ತಿತ್ತು! ಸಿಗರೇಟಿನ ಹೊಗೆ, ಜೂಜು, ಕೆಟ್ಟ ಮಾತು, ಕೆಟ್ಟ ಸಹವಾಸ. ಮನೆಗೆ ಬರುವ ದಾರಿಯುದ್ದಕ್ಕೂ ಮಗನಿಗೆ ಹೇಳಬೇಕಾದ ಕಠಿಣ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಬಂದೆ.

ಆ ಮಾತುಗಳನ್ನು ನಾನು ಆಡಲಿಲ್ಲ. ಅದಕ್ಕೆ ಕಾರಣ ನನ್ನ ಸಹನೆಯಲ್ಲ, ಒಂದು ಹಳೆಯ ನೆನಪು.

ಒಂಬತ್ತು ವರ್ಷಗಳ ಹಿಂದೆ ನಮ್ಮ ಓಣಿಯ ತಾಯಿಯೊಬ್ಬಳು ನನ್ನ ಬಳಿಗೆ ಬಂದಿದ್ದಳು. ಆಕೆಯ ಮಗನೂ ಅಂತಹದೇ ಒಂದು ಪಾರ್ಲರಿಗೆ ಹೋಗುತ್ತಿದ್ದ. "ಟೀಚರ್, ನೀವು ಕಲಿತವರು, ದೀನ್ ಬಲ್ಲವರು. ಏನು ಮಾಡಲಿ?" ಎಂದು ಕೇಳಿದಳು. ನಾನು ಹುಡುಗನನ್ನು ಕರೆದು ಮಾತನಾಡಿಸಲಿಲ್ಲ. ಯಾರ ಜೊತೆ ಹೋಗುತ್ತಾನೆ, ಏಕೆ ಹೋಗುತ್ತಾನೆ, ಹಣ ಎಲ್ಲಿಂದ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಅದು ಜೂಜಿನ ಅಡ್ಡೆ. ಈಗಲೇ ಬಿಗಿ ಮಾಡದಿದ್ದರೆ ಕೈತಪ್ಪುತ್ತಾನೆ" ಎಂದು ತೀರ್ಪು ಕೊಟ್ಟುಬಿಟ್ಟೆ. ಆ ಮಾತನ್ನು ಆಕೆ ಗಂಡನಿಗೆ ಮುಟ್ಟಿಸಿದಳು. ಅವರು ಬೆಲ್ಟಿನಿಂದ ಹೊಡೆದರು, ಓಣಿಯವರೆಲ್ಲ ನೋಡುವಂತೆ ಹೊಡೆದರು. ಹುಡುಗ ಮರುದಿನದಿಂದ ಕಾಲೇಜಿಗೆ ಹೋಗಲಿಲ್ಲ. ಬೆಂಗಳೂರಿನ ಬೇಕರಿಯೊಂದಕ್ಕೆ ಸೇರಿ, ಅಲ್ಲಿಂದ ದಮ್ಮಾಮಿಗೆ ಹೋದ. ಆ ತಾಯಿ ಈಗಲೂ ದಾರಿಯಲ್ಲಿ ಸಿಕ್ಕರೆ ಸಲಾಮ್ ಹೇಳುತ್ತಾಳೆ. ನಿಂತು ಮಾತನಾಡುವುದಿಲ್ಲ.

ಅಂದು ಅವಳ ಮಗನಿಗೆ ಒಂದು ಕ್ಷಣದಲ್ಲಿ ಕೊಟ್ಟ ತೀರ್ಪನ್ನು ಇಂದು ನನ್ನ ಮಗನಿಗೂ ಕೊಡಲು ಹೊರಟಿದ್ದೆ. ಬಾಗಿಲ ಬೀಗ ತೆಗೆಯುವಾಗ ಕೈ ನಡುಗಿತು. ಇಶಾ ನಮಾಝ್ ಮುಗಿದ ಬಳಿಕ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ: "ಆ ಚಾಕ್ ಯಾವುದು ಮಗಾ?"

ಅವನು ತಲೆ ತಗ್ಗಿಸಿದ. ಬಹಳ ಹೊತ್ತಿನ ಬಳಿಕ, "ಉಮ್ಮಾ, ನೀವೊಮ್ಮೆ ಬಂದು ನೋಡಿ. ನೋಡಿದ ಮೇಲೆ ಬೇಡವೆಂದರೆ ಬಿಟ್ಟುಬಿಡುತ್ತೇನೆ" ಎಂದ.

ಆ ಭಾನುವಾರ ಬೆಳಿಗ್ಗೆ ಪಾರ್ಲರ್ ತೆರೆಯುವ ಮೊದಲೇ, ತಮ್ಮನನ್ನು ಜೊತೆಗೆ ಕರೆದುಕೊಂಡು ನಾನು ಆ ಮೆಟ್ಟಿಲು ಹತ್ತಿದೆ. ಅಲ್ಲಿ ಒಬ್ಬ ಹಿರಿಯರು ಮೇಜಿಗೆ ಬ್ರಶ್ ಹಾಕುತ್ತಿದ್ದರು. ಪ್ರಾಯ ಎಪ್ಪತ್ತರ ಹತ್ತಿರ. ಕೊಡಗಿನ ಕಾಫಿ ತೋಟದ ಮಾಲಕರ ಕ್ಲಬ್ಬೊಂದರಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದವರಂತೆ. ಆಡುವವರ ಪಾಯಿಂಟ್ ಬರೆಯುವುದು, ಚೆಂಡು ಎತ್ತಿಡುವುದು, ಮೇಜನ್ನು ನೋಡಿಕೊಳ್ಳುವುದು ಮಾರ್ಕರನ ಕೆಲಸ. ನಾನು ಬಂದ ವಿಷಯ ತಿಳಿದು ಅವರಿಗೆ ನಗು ಬಂತು. "ಮೂವತ್ತು ವರ್ಷಗಳಲ್ಲಿ ಮಗನ ಆಟದ ಮೇಜು ನೋಡಲು ಬಂದ ತಾಯಿ ನೀವೊಬ್ಬರೇ" ಎಂದರು.

ನನ್ನ ಕಲ್ಪನೆಯಲ್ಲಿ ಅದು ಕೇರಂ ಬೋರ್ಡಿನ ದೊಡ್ಡಣ್ಣ. ಎದುರಿಗೆ ಇದ್ದದ್ದು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ, ಎಂಟು ಕಾಲುಗಳ ಮೇಲೆ ನಿಂತ ಒಂದು ಪರ್ವತ. "ಇದನ್ನು ತಳ್ಳಿ ನೋಡಿ" ಎಂದರು. ತಮ್ಮ ತಳ್ಳಿದ. ಅದು ಮಿಸುಕಲಿಲ್ಲ. ಹಸಿರು ಬಟ್ಟೆಯ ಕೆಳಗೆ ಮರವಿದೆಯೆಂದು ನಾನು ಭಾವಿಸಿದ್ದೆ. ಇರುವುದು ಸ್ಲೇಟು ಕಲ್ಲು! ನಾವು ಚಿಕ್ಕಂದಿನಲ್ಲಿ ಬಳಪದಿಂದ ಬರೆಯುತ್ತಿದ್ದ ಅದೇ ಜಾತಿಯ ಕಲ್ಲು. ಐದು ದಪ್ಪ ಚಪ್ಪಡಿಗಳನ್ನು ಕೂದಲೆಳೆಯಷ್ಟೂ ಏರುತಗ್ಗಿಲ್ಲದಂತೆ ಜೋಡಿಸಿ ಮೇಲೆ ಉಣ್ಣೆಯ ಬಟ್ಟೆ ಎಳೆದು ಬಿಗಿದಿರುತ್ತಾರೆ. ಇಡೀ ಮೇಜಿನ ಭಾರ ಒಂದು ಟನ್ನಿಗೂ ಹೆಚ್ಚು. ಮೊದಲೆಲ್ಲ ಮರದ ಹಲಗೆಯನ್ನೇ ಬಳಸುತ್ತಿದ್ದರು. ಮಳೆಗೆ ಅದು ಉಬ್ಬುತ್ತಿತ್ತು, ಬಿಸಿಲಿಗೆ ಸೊಟ್ಟಗಾಗುತ್ತಿತ್ತು. ಲಂಡನ್ನಿನ ಜಾನ್ ಥರ್ಸ್ಟನ್ ಎಂಬ ಪೀಠೋಪಕರಣ ತಯಾರಕ 1826ರ ಸುಮಾರಿಗೆ ಸ್ಲೇಟು ಕಲ್ಲನ್ನು ತಂದ ಬಳಿಕ ಆ ತೊಂದರೆ ತಪ್ಪಿತು.

ಅಂಚಿನ ದಿಂಡುಗಳಿಗೂ ಒಂದು ಕಥೆಯಿದೆ. ಚೆಂಡು ತಾಗಿ ಹಿಂದಿರುಗಬೇಕಾದ ಈ ಅಂಚುಗಳಲ್ಲಿ ಮೊದಲು ಬಟ್ಟೆಯ ಚೂರುಗಳನ್ನು ತುಂಬುತ್ತಿದ್ದರು. 1835ರ ಸುಮಾರಿಗೆ ಥರ್ಸ್ಟನ್ ರಬ್ಬರ್ ಹಾಕಿ ನೋಡಿದ. ಇಂಗ್ಲೆಂಡಿನ ಚಳಿಗೆ ರಬ್ಬರು ಕಲ್ಲಿನಂತಾಗುತ್ತಿತ್ತು. ಆಟಕ್ಕೆ ಮೊದಲು ಬಿಸಿನೀರಿನ ಪಾತ್ರೆಗಳನ್ನು ಅಂಚಿಗಿಟ್ಟು ಅದನ್ನು ಮೆತ್ತಗೆ ಮಾಡಬೇಕಿತ್ತು. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಚಳಿಗೂ ಸೆಕೆಗೂ ಬಗ್ಗುವುದಿಲ್ಲವೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದ ಬಳಿಕವೇ ಈ ಪಾತ್ರೆಗಳಿಗೆ ಬಿಡುವು ಸಿಕ್ಕಿತು.

ಹಿರಿಯರು ಬ್ರಶ್ಶನ್ನು ಒಂದೇ ದಿಕ್ಕಿಗೆ ಎಳೆಯುತ್ತಿದ್ದರು. ಏಕೆಂದು ಕೇಳಿದೆ. ಬಟ್ಟೆಯ ಮೇಲೆ ಕೈಯಾಡಿಸಿ ನೋಡಲು ಹೇಳಿದರು. ಮುಂದಕ್ಕೆ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಒರಟು. ಬೆಕ್ಕಿನ ಮೈಯಂತೆ! ನವಿರಾದ ಆ ಎಳೆಗಳು ಒಂದೇ ಕಡೆಗೆ ಮಲಗಿರಬೇಕು. ಅದಕ್ಕಾಗಿ ಬ್ರಶ್ ಹಾಕಿ, ಬಳಿಕ ಇಸ್ತ್ರಿ ಕೂಡಾ ಹಾಕುತ್ತಾರೆ. ನಮ್ಮ ಮಳೆಗಾಲದಲ್ಲಿ ಬಟ್ಟೆ ಥಂಡಿ ಹೀರಿಕೊಂಡರೆ ಚೆಂಡು ನಿಧಾನವಾಗುತ್ತದೆ. ಆದ್ದರಿಂದಲೇ ದೊಡ್ಡ ಪಂದ್ಯಗಳ ಮೇಜಿನ ಅಡಿಯಲ್ಲಿ ವಿದ್ಯುತ್ತಿನಿಂದ ಬಿಸಿ ಮಾಡುವ ವ್ಯವಸ್ಥೆ ಇರುತ್ತದಂತೆ. ಮಗ ಅಂಗಿಗೆ ಎಂದೂ ಇಸ್ತ್ರಿ ಹಾಕಿದವನಲ್ಲ. ಮೇಜಿಗೆ ಇಸ್ತ್ರಿ ಹಾಕಲು ಅವನಿಗೆ ಬರುತ್ತದೆಂದು ಅಂದು ತಿಳಿಯಿತು.

ಕೊನೆಗೆ ಆ ನೀಲಿ ಚಾಕ್ ಕೈಗೆ ಬಂತು. ಚಿಕ್ಕ ಚೌಕಾಕಾರದ ಗಟ್ಟಿ. ಆಡುವ ಕೋಲಿಗೆ ಕ್ಯೂ ಎಂದು ಹೆಸರು. ಅದರ ತುದಿಯಲ್ಲಿ ಗುಬ್ಬಿಯಷ್ಟು ಅಗಲದ ಒಂದು ತೊಗಲಿನ ಬಿಲ್ಲೆ. ಆ ತೊಗಲಿಗೆ ಚಾಕ್ ಸವರದೆ ಚೆಂಡಿನ ಬದಿಗೆ ಹೊಡೆದರೆ ಕೋಲು ಜಾರುತ್ತದೆ. ಸವರಿ ಹೊಡೆದರೆ ಚೆಂಡು ಬುಗುರಿಯಂತೆ ತಿರುಗುತ್ತಾ ಹೇಳಿದ ಕಡೆಗೆ ಹೋಗುತ್ತದೆ. 1820ರ ದಶಕದಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಜ್ಯಾಕ್ ಕಾರ್ ಎಂಬವನು ತನ್ನಲ್ಲಿ ಚೆಂಡು ತಿರುಗಿಸುವ ವಿಶೇಷ ಪುಡಿಯಿದೆಯೆಂದು ಹೇಳಿ ಮಾರುತ್ತಿದ್ದ. ಅದು ಬರೀ ಸೀಮೆಸುಣ್ಣವಾಗಿತ್ತು! ಆದರೆ ಇಂದಿನದು ಅದಲ್ಲ. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಎಂಬ ಆಟಗಾರ ಮತ್ತು ಹಾಸ್ಕಿನ್ಸ್ ಎಂಬ ರಸಾಯನ ಶಾಸ್ತ್ರಜ್ಞ ಸೇರಿ, ಮರಳಿನಲ್ಲಿರುವ ಸಿಲಿಕಾ ಮತ್ತು ಉಜ್ಜುಕಲ್ಲಿನ ಪುಡಿ ಬೆರೆಸಿದ ಗಟ್ಟಿಗೆ ಪೇಟೆಂಟ್ ಪಡೆದರು. ಅಂದಿನಿಂದ ಚಾಕ್ ಎಂಬ ಹೆಸರು ಉಳಿಯಿತು, ಒಳಗಿನ ಸುಣ್ಣ ಹೋಯಿತು. ಅಂಗಿಯ ಕಲೆ ಬಿಡದಿರಲು ಕಾರಣ ಸಿಕ್ಕಿತು. ಮಗ ಪೂರ್ತಿ ಸುಳ್ಳನ್ನೂ ಹೇಳಿರಲಿಲ್ಲ, ಪೂರ್ತಿ ನಿಜವನ್ನೂ ಹೇಳಿರಲಿಲ್ಲ.

ಬಿ.ಎ.ಯಲ್ಲಿ ಚರಿತ್ರೆ ಓದಿದ್ದರ ಚಟ ಸುಮ್ಮನಿರಗೊಡುವುದಿಲ್ಲ. ಆ ಬಳಿಕ ಈ ಆಟದ ಮೂಲವನ್ನು ಹುಡುಕಿ ಓದಿದೆ. ಸುಮಾರು ಐದುನೂರು ವರ್ಷಗಳ ಹಿಂದೆ ಉತ್ತರ ಯುರೋಪಿನಲ್ಲಿ ಹುಲ್ಲುಹಾಸಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಆಟವೊಂದಿತ್ತು. ಮಳೆ, ಚಳಿಗೆ ಹೊರಗೆ ಹೋಗಲಾಗದವರು ಅದನ್ನು ಮನೆಯೊಳಗೆ ತಂದರು. ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ 1470ರ ಸುಮಾರಿಗೆ ತನ್ನ ಅರಮನೆಗೆ ಇಂತಹ ಮೇಜು ಮಾಡಿಸಿದ್ದ. ಮೇಜಿನ ಬಟ್ಟೆ ಇಂದಿಗೂ ಹಸಿರಾಗಿರುವುದು ಆ ಹುಲ್ಲಿನ ನೆನಪಿಗಾಗಿ.

ಆಗ ಕ್ಯೂ ಇರಲಿಲ್ಲ. ತುದಿಯಲ್ಲಿ ಮರದ ದಪ್ಪ ತಲೆಯಿದ್ದ ಮೇಸ್ ಎಂಬ ಕೋಲಿನಿಂದ ಚೆಂಡನ್ನು ತಳ್ಳುತ್ತಿದ್ದರು. ಚೆಂಡು ಅಂಚಿಗೆ ಅಂಟಿಕೊಂಡಾಗ ದಪ್ಪ ತಲೆ ಅಲ್ಲಿ ತೂರುತ್ತಿರಲಿಲ್ಲ. ಆಗ ಕೋಲನ್ನು ತಿರುಗಿಸಿ ಹಿಡಿಯ ತುದಿಯಿಂದ ಹೊಡೆಯುತ್ತಿದ್ದರು. ಫ್ರೆಂಚ್ ಭಾಷೆಯಲ್ಲಿ ಬಾಲಕ್ಕೆ ಹೇಳುವ ಪದವೇ ಕ್ಯೂ. ಬಾಲವೇ ಕೊನೆಗೆ ತಲೆಯಾಯಿತು. ಫ್ರಾಂಸ್ವಾ ಮೆಂಗೊ ಎಂಬ ಫ್ರೆಂಚ್ ಸೇನಾಧಿಕಾರಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ತುದಿಗೆ ತೊಗಲು ಅಂಟಿಸುವ ಉಪಾಯವನ್ನು ಪ್ರಚಾರಕ್ಕೆ ತಂದ. ಸೆರೆಮನೆಯಲ್ಲಿದ್ದಾಗ ಅವನು ಇದನ್ನು ಪಳಗಿಸಿದನೆಂದು ಬರೆಯುತ್ತಾರೆ. 1827ರಲ್ಲಿ ಅವನು ಈ ಆಟದ ಬಗ್ಗೆ ಪುಸ್ತಕವನ್ನೂ ಹೊರತಂದ.

ಇಲ್ಲೊಂದು ವಿಷಯ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಗಂಡಸರು ಕ್ಯೂ ಹಿಡಿಯಲು ಆರಂಭಿಸಿದ ಬಳಿಕವೂ ಬಹಳ ಕಾಲ ಹೆಂಗಸರಿಗೆ ಹಳೆಯ ಮೇಸನ್ನೇ ಕೊಡುತ್ತಿದ್ದರಂತೆ. ಕಾರಣ, ಚೂಪು ತುದಿಯ ಕ್ಯೂ ಕೊಟ್ಟರೆ ಹೆಂಗಸರು ಬಟ್ಟೆ ಹರಿದು ಹಾಕಿಯಾರು ಎಂಬ ಭಯ! ದಿನವಿಡೀ ಸೂಜಿ ಹಿಡಿದು ಹೊಲಿಯುವ, ಎಳೆಯೆಳೆಯಾಗಿ ಕಸೂತಿ ಹಾಕುವ ಕೈಗಳ ಬಗ್ಗೆ ಆ ಸಂಶಯ. ಹೊಸ ಉಪಕರಣ ಯಾವುದೇ ಬರಲಿ, ಲೇಖನಿಯಿರಲಿ, ವಾಹನದ ಕೀಲಿಯಿರಲಿ, ಹೆಣ್ಣಿಗೆ ಮೊದಲು ಸಿಗುವುದು ಇಂತಹ ಸಂಶಯವೇ ತಾನೇ?

ಚೆಂಡಿನ ಕಥೆ ಇನ್ನೂ ನೋವಿನದ್ದು. ಮೊದಲಿಗೆ ಮರದ, ಮಣ್ಣಿನ ಚೆಂಡುಗಳಿದ್ದವು. ಬಳಿಕ ಶ್ರೀಮಂತರಿಗೆ ಆನೆಯ ದಂತವೇ ಬೇಕೆನಿಸಿತು. ದಂತದ ನಡುವೆ ನರದ ಸಣ್ಣ ಕೊಳವೆಯೊಂದು ಹಾದು ಹೋಗುತ್ತದೆ. ಅದು ಚೆಂಡಿನ ಸರಿ ಮಧ್ಯದಲ್ಲಿ ಬರುವಂತೆ ಕಡೆದರೆ ಮಾತ್ರ ಚೆಂಡು ನೇರವಾಗಿ ಉರುಳುತ್ತದೆ. ಹಾಗಾಗಿ ಒಂದು ದಂತದಿಂದ ಕೆಲವೇ ಚೆಂಡುಗಳು ಸಿಗುತ್ತಿದ್ದವು. ಯುರೋಪ್, ಅಮೆರಿಕಗಳ ಸಂಜೆಯ ಮನರಂಜನೆಗಾಗಿ ಆಫ್ರಿಕ, ಏಷ್ಯಾಗಳ ಕಾಡಿನಲ್ಲಿ ಆನೆಗಳು ಬಿದ್ದವು. ಅಲ್ಲಾಹನು ಸೃಷ್ಟಿಸಿದ ಅಂತಹ ಜೀವ, ಮೂರು ಚೆಂಡುಗಳಿಗಾಗಿ!

ದಂತ ದುಬಾರಿಯಾದಾಗ, 1860ರ ದಶಕದಲ್ಲಿ ನ್ಯೂಯಾರ್ಕಿನ ಬಿಲಿಯರ್ಡ್ಸ್ ಸಾಮಗ್ರಿಯ ಕಂಪೆನಿಯೊಂದು ಬದಲಿ ವಸ್ತು ಕಂಡುಹಿಡಿಯುವವರಿಗೆ 10,000 ಡಾಲರ್ ಬಹುಮಾನ ಘೋಷಿಸಿತು. ಆಲ್ಬನಿ ಪಟ್ಟಣದ ಜಾನ್ ವೆಸ್ಲಿ ಹಯಾತ್ ಎಂಬ ಮುದ್ರಣಕಾರ ಇದರ ಬೆನ್ನು ಹತ್ತಿದ. ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ, ಅದಕ್ಕೆ ಕರ್ಪೂರ ಬೆರೆಸಿ, 1869ರ ಹೊತ್ತಿಗೆ ಸೆಲ್ಯುಲಾಯ್ಡ್ ತಯಾರಿಸಿದ. ನಮ್ಮ ಅಜ್ಜಿಯರ ಕಾಲದ ಬಾಚಣಿಗೆ, ಗೊಂಬೆ, ಫೋಟೊ ಫಿಲ್ಮುಗಳೆಲ್ಲ ಆ ವಸ್ತುವಿನವು. ಹಯಾತನ ಆರಂಭದ ಚೆಂಡುಗಳಲ್ಲಿ ಒಂದು ದೋಷವಿತ್ತು. ಅವು ಜೋರಾಗಿ ಡಿಕ್ಕಿಯಾದರೆ ಕೆಲವೊಮ್ಮೆ ಪಟಾಕಿಯಂತೆ ಸದ್ದು ಮಾಡುತ್ತಿದ್ದವು. ಕೊಲರಾಡೊದ ಒಬ್ಬ ಮದ್ಯದಂಗಡಿಯವನು, ಸದ್ದಾದಾಗಲೆಲ್ಲ ಕೋಣೆಯಲ್ಲಿದ್ದವರು ಪಿಸ್ತೂಲು ಎಳೆಯುತ್ತಾರೆಂದು ತನಗೆ ಪತ್ರ ಬರೆದದ್ದನ್ನು ಹಯಾತನೇ ಮುಂದೆ ಹೇಳಿಕೊಂಡಿದ್ದ.

1907ರಲ್ಲಿ ಲಿಯೋ ಬೇಕಲೆಂಡ್ ಬೇಕಲೈಟ್ ತಯಾರಿಸಿದ. ಹಳೆಯ ಮನೆಗಳ ಗೋಡೆಯಲ್ಲಿ ಕಪ್ಪು ಗುಂಡಗಿನ ಕರೆಂಟ್ ಸ್ವಿಚ್ ಇರುತ್ತಿತ್ತಲ್ಲ, ಅದೇ ಬೇಕಲೈಟ್. ಇಂದಿನ ಚೆಂಡುಗಳನ್ನು ಅದೇ ಬಳಗದ ಫಿನಾಲ್ ರಾಳದಿಂದ ಎರಕ ಹೊಯ್ಯುತ್ತಾರೆ. ಮಗ ಆಡುವ ಚೆಂಡಿಗಾಗಿ ಯಾವ ಆನೆಯೂ ಸಾಯಲಿಲ್ಲವೆಂದು ತಿಳಿದಾಗ ಮನಸ್ಸಿಗೆ ಹಗುರವೆನಿಸಿತು.

ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಂದೇ ಎಂದು ನಾನು ತಿಳಿದಿದ್ದೆ. ಮೇಜು ಒಂದೇ, ಆಟ ಬೇರೆ. ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡುಗಳು: ಬಿಳಿ, ಹಳದಿ, ಕೆಂಪು. ಸ್ನೂಕರಿನಲ್ಲಿ 22. ಹದಿನೈದು ಕೆಂಪು, ಆರು ಬೇರೆ ಬಣ್ಣ, ಹೊಡೆಯಲು ಒಂದು ಬಿಳಿ. ಕೆಂಪಿಗೆ 1 ಅಂಕ. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಪ್ರತಿ ಕೆಂಪಿನ ಬಳಿಕ ಕಪ್ಪನ್ನೇ ಬೀಳಿಸುತ್ತಾ ಹೋಗಿ, ಕೊನೆಗೆ ಆರೂ ಬಣ್ಣಗಳನ್ನು ಸರದಿಯಂತೆ ಬೀಳಿಸಿದರೆ 147. ಮಗನೇ ಲೆಕ್ಕ ಬಿಡಿಸಿ ತೋರಿಸಿದ. ಗಣಿತವೆಂದರೆ ಓಡಿ ಹೋಗುವ ಹುಡುಗ!

ಈ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ ಎಂಬುದು ನನಗೆ ದೊಡ್ಡ ಅಚ್ಚರಿ. 1875ರ ಮಳೆಗಾಲದಲ್ಲಿ ಜಬಲ್ಪುರದ ದಂಡಿನಲ್ಲಿದ್ದ ನೆವಿಲ್ ಚೇಂಬರ್ಲಿನ್ ಎಂಬ ಬ್ರಿಟಿಷ್ ಅಧಿಕಾರಿ, ಹೊತ್ತು ಹೋಗದೆ, ಅಂದಿನ ಆಟಕ್ಕೆ ಹೊಸ ಬಣ್ಣದ ಚೆಂಡುಗಳನ್ನು ಸೇರಿಸಿದ. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಬೇರೆ.) ಸೇನಾ ಶಾಲೆಯ ಹೊಸ ಹುಡುಗರನ್ನು ಹೀಯಾಳಿಸುವ ಪದವಾಗಿತ್ತು ಸ್ನೂಕರ್. ಸುಲಭದ ಹೊಡೆತ ತಪ್ಪಿಸಿಕೊಂಡ ಗೆಳೆಯನನ್ನು ಅವನು ಹಾಗೆ ಕರೆದ, ಆಟಕ್ಕೆ ಆ ಹೆಸರೇ ಅಂಟಿತು. 1880ರ ದಶಕದಲ್ಲಿ ಊಟಿಯ ಕ್ಲಬ್ಬಿನಲ್ಲಿ ಇದರ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದರು. ಶಾಲಾ ಪ್ರವಾಸದ ಮಕ್ಕಳನ್ನು ಕರೆದುಕೊಂಡು ಬಂಡೀಪುರದ ದಾರಿಯಾಗಿ ನಾನು ಎರಡು ಸಲ ಊಟಿಗೆ ಹೋಗಿದ್ದೇನೆ. ಕೆರೆ, ಹೂದೋಟ, ರೈಲು ತೋರಿಸಿ ಕರೆತಂದೆ. ಇದನ್ನು ಹೇಳಲು ನನಗೇ ಗೊತ್ತಿರಲಿಲ್ಲ.

1958ರಲ್ಲಿ ಕಲ್ಕತ್ತದಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಕ್ರೀಡೆಯೊಂದರಲ್ಲಿ ಬಂದ ಮೊದಲ ವಿಶ್ವ ಪ್ರಶಸ್ತಿ ಅದು. 1973ರಲ್ಲಿ ಮುಂಬೈಯಲ್ಲಿ ಅದೇ ಪ್ರಶಸ್ತಿ ಗೆದ್ದವರು ಶ್ರೀಲಂಕಾದ ಮುಹಮ್ಮದ್ ಲಾಫಿರ್. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಹೆಸರನ್ನು ಪತ್ರಿಕೆಯಲ್ಲಿ ನೀವೂ ಓದಿರಬಹುದು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಅಣ್ಣನ ಜೊತೆ ಸ್ನೂಕರ್ ನೋಡಲು ಹೋಗಿ ಆಟ ಹಚ್ಚಿಕೊಂಡವರು. ಅರವಿಂದ್ ಸವೂರ್ ಅವರಿಂದ ಕಲಿತು 2003ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದರು. ಈವರೆಗೆ ಅವರು ಗೆದ್ದ ವಿಶ್ವ ಪ್ರಶಸ್ತಿಗಳು 25ಕ್ಕೂ ಹೆಚ್ಚು. 2018ರಲ್ಲಿ ಪದ್ಮಭೂಷಣವೂ ಬಂತು. ಅವರ ತಾಯಿಗೆ ಯಾರಾದರೂ ನನ್ನಂತಹ ತೀರ್ಪುಗಾರ್ತಿ ಸಿಕ್ಕಿದ್ದರೆ?

ಬೆಂಗಳೂರಿನವರೇ ಆದ ಆರ್. ಉಮಾದೇವಿಯವರು ಮೂವತ್ತರ ಪ್ರಾಯದ ಸುಮಾರಿಗೆ ಮೊದಲ ಬಾರಿ ಕ್ಯೂ ಹಿಡಿದ ಸರಕಾರಿ ಉದ್ಯೋಗಿ. 2012ರಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಬಟ್ಟೆ ಹರಿಯಬಹುದೆಂದು ಮೇಸ್ ಕೊಟ್ಟವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಸಹೋದರಿಯರೇ, ಇದನ್ನೆಲ್ಲ ಓದಿ ನಾನು ಪಾರ್ಲರಿನ ವಕೀಲೆಯಾದೆನೆಂದು ಭಾವಿಸಬೇಡಿ. ಹೇಳಬೇಕಾದ ಮುಖ್ಯ ವಿಷಯ ಈಗ ಬರುತ್ತದೆ.

ಅಂದು ಮೇಜಿನ ಪಕ್ಕದಲ್ಲೇ ನಿಂತು ಮಗನನ್ನು ಕೇಳಿದೆ: "ಇಲ್ಲಿ ದುಡ್ಡು ಕಟ್ಟಿ ಆಡುತ್ತೀರಾ?"

"ಇಲ್ಲ ಉಮ್ಮಾ, ಅಲ್ಲಾಹನಾಣೆ ಇಲ್ಲ. ಸೋತವನು ಮೇಜಿನ ಬಾಡಿಗೆ ಕೊಡಬೇಕು, ಅಷ್ಟೇ."

ಅಷ್ಟೇ! ಮದ್ರಸದಲ್ಲಿ ಫಿಕ್ಹ್ ಓದುವಾಗ ಜೂಜಿನ ಲಕ್ಷಣವನ್ನು ನಾವು ಬಾಯಿಪಾಠ ಮಾಡಿದ್ದೆವು. ಇಬ್ಬರೂ ನಷ್ಟಕ್ಕೆ ತಲೆಯೊಡ್ಡಿ, ಸೋತವನ ಹಣದಿಂದ ಗೆದ್ದವನು ಲಾಭ ಪಡೆದರೆ ಅದು ಮೈಸಿರ್. ನಾಣ್ಯ ಮೇಜಿನ ಮೇಲಿಲ್ಲದಿದ್ದರೂ ಗೆದ್ದವನ ಪಾಲಿನ ಬಾಡಿಗೆ ಸೋತವನ ಜೇಬಿನಿಂದ ಹೋಗುತ್ತದಲ್ಲ? ಮಕ್ಕಳು ಇದನ್ನು ಜೂಜೆಂದು ತಿಳಿಯುವುದೇ ಇಲ್ಲ. ಏಕೆಂದರೆ ಯಾರೂ ಅವರ ಬಳಿ ಕುಳಿತು ಬಿಡಿಸಿ ಹೇಳಿಲ್ಲ. ನಾವು ದೂರದಿಂದ "ಹರಾಮ್" ಎಂದು ಕೂಗುತ್ತೇವೆ, ಯಾವುದು ಏಕೆ ಹರಾಮ್ ಎಂದು ಹತ್ತಿರ ಹೋಗಿ ಹೇಳುವುದಿಲ್ಲ.

ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೆಯ ವಚನಗಳಲ್ಲಿ ಅಲ್ಲಾಹನು ಮದ್ಯ ಮತ್ತು ಜೂಜನ್ನು ನಿಷೇಧಿಸಿ ಅದರ ಕಾರಣವನ್ನೂ ತಿಳಿಸಿದ್ದಾನೆ. ಅವು ಜನರ ನಡುವೆ ಹಗೆತನ ಬಿತ್ತುತ್ತವೆ, ದೇವಸ್ಮರಣೆ ಮತ್ತು ನಮಾಝ್‌ನಿಂದ ತಡೆಯುತ್ತವೆ ಎಂಬುದು ಅದರ ಸಾರ. ಆ ಕಾರಣಗಳು ಈ ಮೇಜಿನ ಸುತ್ತ ಕಂಡುಬಂದವು. ಹಿರಿಯರೇ ಹೇಳಿದರು: ಆಟದಲ್ಲಿ ಹಿಂದಿರುವ ಹುಡುಗನೇ ಪ್ರತಿ ಸಲ ಬಾಡಿಗೆ ಕೊಡುತ್ತಾನೆ, ಸಾಲ ಮಾಡುತ್ತಾನೆ, ಸಾಲ ತೀರಿಸಲು ಮತ್ತೆ ಆಡುತ್ತಾನೆ. ಗೆಳೆತನ ಕೆಡುತ್ತದೆ.

ಮಗನ ಮುಖ ಕೆಂಪಾಯಿತು. ಅವನ ಮೇಲೂ ಗೆಳೆಯನ 600 ರೂಪಾಯಿ ಸಾಲವಿತ್ತು. ಅವನು ನನ್ನಿಂದ ಮುಚ್ಚಿಟ್ಟದ್ದು ಆಟವನ್ನಲ್ಲ, ಆ ಸಾಲವನ್ನು. ಬಯ್ದಿದ್ದರೆ ಅದು ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಆಟವೇ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪ್ರವಾದಿ(ಸ) ತಮ್ಮ ಪತ್ನಿ ಆಯಿಶಾ(ರ)ರ ಜೊತೆ ಓಟದ ಸ್ಪರ್ಧೆ ನಡೆಸಿದ್ದರು. ಒಮ್ಮೆ ಆಯಿಶಾ(ರ) ಗೆದ್ದರೆ ಇನ್ನೊಮ್ಮೆ ಪ್ರವಾದಿ(ಸ) ಗೆದ್ದರು. ಅಬಿಸೀನಿಯದವರು ಮಸೀದಿಯ ಅಂಗಳದಲ್ಲಿ ಈಟಿಯ ಆಟವಾಡಿದಾಗ ಆಯಿಶಾ(ರ) ಬೇಸರವಾಗುವವರೆಗೂ ನೋಡಲೆಂದು ಪ್ರವಾದಿ(ಸ) ಜೊತೆಗೆ ನಿಂತಿದ್ದರು. ಕಣ್ಣು, ಕೈ, ಮನಸ್ಸು ಒಂದೆಡೆ ನಿಲ್ಲಲು ಕಲಿಸುವ ಆಟವನ್ನು ಕೆಡಿಸುವುದು ಅದರ ಸುತ್ತ ನಾವು ಸೇರಿಸುವ ಸಂಗತಿಗಳು.

ಹಾಗಾಗಿ ಅಂದು ನಾವು ನಾಲ್ಕು ಮಾತು ನಿಗದಿ ಮಾಡಿಕೊಂಡೆವು. ಬಾಡಿಗೆಯನ್ನು ಗೆದ್ದವನೂ ಸೋತವನೂ ಸಮನಾಗಿ ಹಂಚಿಕೊಳ್ಳಬೇಕು. ಭಾನುವಾರ ಮಾತ್ರ ಆಟ, ಅಸರ್‌ನ ಬಾಂಗ್ ಕೇಳಿದರೆ ಕ್ಯೂ ಗೋಡೆಗೆ. ಯಾರಾದರೂ ಹೊಗೆ ಎಳೆಯುವಲ್ಲಿ ನಿಲ್ಲಬಾರದು. ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗಬೇಕು. 600 ರೂಪಾಯಿಯನ್ನು ನಾನು ಕೊಡಲಿಲ್ಲ. ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಎರಡು ತಿಂಗಳು ಪಾಠ ಹೇಳಿ ಅವನೇ ತೀರಿಸಿದ. ಸಂಬಳದ ಬಾಡಿಗೆಯ ಮೇಲೆ ಮೇಜು ನೋಡಿಕೊಳ್ಳುವ ಆ ಹಿರಿಯರು ಈ ಮಾತುಗಳನ್ನು ಕೇಳಿ, "ಸಮ ಬಾಡಿಗೆಯ ನಿಯಮವನ್ನು ಇಲ್ಲಿನ ಗೋಡೆಗೇ ಅಂಟಿಸಲು ಮಾಲಕರಿಗೆ ಹೇಳುತ್ತೇನೆ" ಎಂದರು. ಅಂಟಿಸಿದರೋ ಇಲ್ಲವೋ, ನಮ್ಮ ಮನೆಯ ಹುಡುಗ ಮತ್ತು ಅವನ ಮೂವರು ಗೆಳೆಯರು ಪಾಲಿಸುತ್ತಿದ್ದಾರೆ.

ಇಷ್ಟಾದರೂ ನನ್ನ ಎದೆಯ ಭಾರ ಇಳಿದಿರಲಿಲ್ಲ. ಒಂದು ಸಂಜೆ ಅಸರ್ ಬಳಿಕ ಆ ತಾಯಿಯ ಮನೆಯ ಬಾಗಿಲು ತಟ್ಟಿದೆ. ಒಂಬತ್ತು ವರ್ಷಗಳ ಬಳಿಕ. ನನ್ನ ಮಗನ ವಿಷಯವನ್ನೆಲ್ಲ ಹೇಳಿದೆ. "ಅಂದು ನಿಮ್ಮ ಮಗನನ್ನು ಕೇಳದೆ ತೀರ್ಪು ಕೊಟ್ಟೆ. ನನ್ನನ್ನು ಕ್ಷಮಿಸಬೇಕು" ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು. "ನೀವೊಬ್ಬರೇ ಅಲ್ಲ ಟೀಚರ್" ಎಂದಳು. "ಕೇಳಬೇಕೆಂದು ನಮಗೂ ತೋಚಲಿಲ್ಲ. ಅವನು ಅಲ್ಲಿಗೆ ಏಕೆ ಹೋಗುತ್ತಿದ್ದನೆಂದು ನನಗೆ ಇವತ್ತಿಗೂ ಗೊತ್ತಿಲ್ಲ."

ಚಾ ಕುಡಿದು ಏಳುವಾಗ ಅವಳೇ ದಮ್ಮಾಮಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ದೊಡ್ಡ ಗಂಡಸಿನ ದನಿ ಬಂತು. ನಾನು ಹೇಳಬೇಕಾದ್ದನ್ನು ಹೇಳಿದೆ. ಮಾತು ಎರಡು ಸಲ ತಡವರಿಸಿತು. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಫೋನು ಕಡಿಯಿತೋ ಎಂದುಕೊಂಡೆ.

ಬಳಿಕ ಕೇಳಿದ: "ನಿಮ್ಮ ಮಗ ಚೆನ್ನಾಗಿ ಆಡ್ತಾನಾ ಟೀಚರ್?"

ನನಗೆ ಉತ್ತರ ಗೊತ್ತಿರಲಿಲ್ಲ. ಮೇಜು ನೋಡಿದ್ದೆ, ಚಾಕ್ ನೋಡಿದ್ದೆ, ಅವನ ಆಟವನ್ನು ಇನ್ನೂ ನೋಡಿರಲಿಲ್ಲ. "ಬರುವ ಭಾನುವಾರ ಹೋಗಿ ನೋಡಿ ಹೇಳುತ್ತೇನೆ" ಎಂದೆ.